ಭಾನುವಾರ ಆಡದ ತಂಡ, ಉಪವಾಸವಿದ್ದು ಆಡುವ ಹುಡುಗ: ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್‌ನ ಧರ್ಮಸೂಕ್ಷ್ಮ

2025ರ ಫೆಬ್ರವರಿ 22, ಶನಿವಾರ. ಅಮೆರಿಕದ ಟೂಸಾನ್ ನಗರದ ಮೆಕೇಲ್ ಸೆಂಟರ್‌ನಲ್ಲಿ ಅರಿಜೋನಾ ವಿಶ್ವವಿದ್ಯಾಲಯಕ್ಕೂ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯಕ್ಕೂ ಬಿಗ್ 12 ಕಾನ್ಫರೆನ್ಸ್ ಎಂಬ ಕಾಲೇಜು ಲೀಗ್‌ನ ಬ್ಯಾಸ್ಕೆಟ್‌ಬಾಲ್ ಪಂದ್ಯ. ಇನ್ನು 3.2 ಸೆಕೆಂಡ್ ಉಳಿದಿದೆ ಎನ್ನುವಾಗ ರೆಫರಿ ಕೊಟ್ಟ ಫೌಲ್ ತೀರ್ಪು ತವರಿನ ಅಭಿಮಾನಿಗಳನ್ನು ಕೆರಳಿಸಿತು. ಬ್ರಿಗಮ್ ಯಂಗ್‌ನ ರಿಚಿ ಸಾಂಡರ್ಸ್ ಎರಡೂ ಫ್ರೀ ಥ್ರೋಗಳನ್ನು ಬುಟ್ಟಿಗೆ ಹಾಕಿದರು. ಅಂತಿಮ ಅಂಕ 96–95. ಒಂದೇ ಒಂದು ಅಂಕದ ಸೋಲು ನುಂಗುವುದು ಯಾರಿಗಾದರೂ ಕಷ್ಟ. ಆದರೆ ವಿದ್ಯಾರ್ಥಿಗಳ ಗ್ಯಾಲರಿಯಿಂದ ಎದ್ದ ಕೂಗಿಗೂ ಆ ಫೌಲಿಗೂ ಸಂಬಂಧವಿರಲಿಲ್ಲ. ಅದು ಬ್ರಿಗಮ್ ಯಂಗ್ ಅನ್ನು ನಡೆಸುವ ಮಾರ್ಮನ್ ಚರ್ಚಿನ, ಅಂದರೆ ಆ ಕ್ರೈಸ್ತ ಪಂಥದ, ಜನರನ್ನು ಅಶ್ಲೀಲ ಪದದಲ್ಲಿ ಬೈಯುವ ಘೋಷಣೆಯಾಗಿತ್ತು.

ಅರಿಜೋನಾದ ಕ್ರೀಡಾ ನಿರ್ದೇಶಕಿ ಕ್ಷಮೆ ಕೇಳಿದರು. ಅಲ್ಲಿಗೆ ಮುಗಿಯಲಿಲ್ಲ. ಅದೇ ವರ್ಷ ಸೆಪ್ಟೆಂಬರ್ 27ರಂದು ಕೊಲರಾಡೊದಲ್ಲಿ ನಡೆದ ಫುಟ್‌ಬಾಲ್ ಪಂದ್ಯದಲ್ಲಿ ಅದೇ ವಿಶ್ವವಿದ್ಯಾಲಯದ ವಿರುದ್ಧ ಅಂಥದೇ ಕೂಗು ಎದ್ದಿತು. ಈ ಸಲ ಕಾನ್ಫರೆನ್ಸ್ ಕೊಲರಾಡೊ ವಿಶ್ವವಿದ್ಯಾಲಯಕ್ಕೆ 50,000 ಡಾಲರ್ ದಂಡ ಹಾಕಿತು.

ಆಟದ ಅಂಗಳದಲ್ಲಿ ಧರ್ಮದ ಮಾತು ಬಂದದ್ದಾದರೂ ಎಲ್ಲಿಂದ? ಅಮೆರಿಕದಲ್ಲಿ ಓದುತ್ತಿರುವ ಮಕ್ಕಳಿಂದ ಇಂಥ ಸುದ್ದಿ ಕೇಳುವ ನಮ್ಮವರಿಗೆ ಇದು ಗೊಂದಲದ ವಿಷಯ. ಬೈಗುಳ ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಬೈಗುಳದ ಹಿಂದೆ ಅಭಿಮಾನಿಗಳ ನಡುವೆ ವರ್ಷಗಳಿಂದ ನಡೆದುಬಂದಿರುವ ಗಂಭೀರ ಜಗಳವೊಂದಿದೆ. ಆಟಗಾರರ ಧರ್ಮಾಚರಣೆಗಾಗಿ ಪಂದ್ಯದ ವೇಳಾಪಟ್ಟಿ ಬಾಗಬೇಕೇ, ಬಾಗುವುದಾದರೆ ಯಾರಿಗಾಗಿ, ಅದರ ಖರ್ಚು ಯಾರದು ಎಂಬುದೇ ಆ ಜಗಳ.

## ಕಾನ್ಫರೆನ್ಸ್ ಮತ್ತು ಮಾರ್ಚ್ ತಿಂಗಳು

ಅಮೆರಿಕದಲ್ಲಿ ಕಾಲೇಜು ಕ್ರೀಡೆ ಅಂದರೆ ದೊಡ್ಡ ಉದ್ಯಮ. ಅದನ್ನು ನಡೆಸುವ ರಾಷ್ಟ್ರೀಯ ಸಂಸ್ಥೆ ಎನ್‌ಸಿಎಎ. ಅದರ ಕೆಳಗೆ ವಿಶ್ವವಿದ್ಯಾಲಯಗಳು ತಾವೇ ಗುಂಪು ಕಟ್ಟಿಕೊಂಡು ತಮ್ಮತಮ್ಮಲ್ಲೇ ಲೀಗ್ ಆಡುತ್ತವೆ. ಆ ಗುಂಪೇ ಕಾನ್ಫರೆನ್ಸ್. ಚಳಿಗಾಲವಿಡೀ ಕಾನ್ಫರೆನ್ಸ್ ಪಂದ್ಯಗಳು, ಮಾರ್ಚ್ ಬಂತೆಂದರೆ 68 ತಂಡಗಳ ರಾಷ್ಟ್ರೀಯ ಟೂರ್ನಿ. ಸೋತವರು ಅಲ್ಲಿಂದಲೇ ಮನೆಗೆ.

ಹಣ ಬರುವುದು ಟಿವಿಯಿಂದ. ಬಿಗ್ 12 ಕಾನ್ಫರೆನ್ಸ್ 2022ರಲ್ಲಿ ಇಎಸ್‌ಪಿಎನ್ ಮತ್ತು ಫಾಕ್ಸ್ ಜೊತೆ ಮಾಡಿಕೊಂಡ ಆರು ವರ್ಷದ ಒಪ್ಪಂದದ ಮೊತ್ತ ಸುಮಾರು 228 ಕೋಟಿ ಡಾಲರ್. ಅಷ್ಟು ದುಡ್ಡು ಕೊಡುವವರು ಪಂದ್ಯ ಯಾವ ದಿನ, ಎಷ್ಟು ಗಂಟೆಗೆ ಎಂಬುದರಲ್ಲೂ ಮಾತು ನಡೆಸುತ್ತಾರೆ. ಮುಂದಿನದೆಲ್ಲ ಅರ್ಥವಾಗಬೇಕಾದರೆ ಈ ಒಂದು ಸಂಗತಿ ನೆನಪಿನಲ್ಲಿರಬೇಕು.

## ಭಾನುವಾರದ ಗಂಟು

ಬ್ರಿಗಮ್ ಯಂಗ್ ವಿಶ್ವವಿದ್ಯಾಲಯ ಇರುವುದು ಯೂಟಾ ರಾಜ್ಯದ ಪ್ರೊವೊ ಪಟ್ಟಣದಲ್ಲಿ. ಅದರ ಒಡೆತನ ಮಾರ್ಮನ್ ಚರ್ಚಿನದು. ಭಾನುವಾರ ದೇವರ ದಿನ, ಆ ದಿನ ಆಟವಿಲ್ಲ ಎಂಬುದು ಅದರ ಕಟ್ಟುನಿಟ್ಟಿನ ನಿಯಮ. ಪಂದ್ಯ ಎಷ್ಟೇ ದೊಡ್ಡದಾಗಿರಲಿ, ಭಾನುವಾರ ಬಿದ್ದರೆ ತಂಡ ಅಂಗಳಕ್ಕೆ ಇಳಿಯುವುದಿಲ್ಲ.

2023ರವರೆಗೆ ಇದು ಅಷ್ಟಾಗಿ ತೊಡಕಾಗಲಿಲ್ಲ. 2011ರಿಂದ ಅದು ಇದ್ದದ್ದು ವೆಸ್ಟ್ ಕೋಸ್ಟ್ ಕಾನ್ಫರೆನ್ಸ್‌ನಲ್ಲಿ. ಅಲ್ಲಿದ್ದವರೂ ಹೆಚ್ಚಾಗಿ ಧಾರ್ಮಿಕ ಸಂಸ್ಥೆಗಳ ಖಾಸಗಿ ವಿಶ್ವವಿದ್ಯಾಲಯಗಳೇ, ಬಹುಪಾಲು ಕ್ಯಾಥೊಲಿಕ್. 2023ರ ಜುಲೈ 1ರಂದು ಬಿಗ್ 12 ಸೇರಿದ ಮೇಲೆ ಲೆಕ್ಕ ಬದಲಾಯಿತು. ಇಲ್ಲಿ ದೊಡ್ಡ ದೊಡ್ಡ ಸರ್ಕಾರಿ ವಿಶ್ವವಿದ್ಯಾಲಯಗಳಿವೆ, ಟಿವಿಯ ಹಸಿವು ಹೆಚ್ಚು. ಪುರುಷರ ಬ್ಯಾಸ್ಕೆಟ್‌ಬಾಲ್ ಲೀಗ್ ಹೇಗೋ ಶನಿವಾರ ಮತ್ತು ವಾರದ ನಡುವಿನ ದಿನಗಳಲ್ಲಿ ಸಾಗುತ್ತದೆ. ಬೇಸ್‌ಬಾಲ್‌ನಲ್ಲಿ ಹಾಗಾಗುವುದಿಲ್ಲ. ಅಲ್ಲಿ ಎರಡು ತಂಡಗಳು ಶುಕ್ರವಾರ, ಶನಿವಾರ, ಭಾನುವಾರ ಸಾಲಾಗಿ ಮೂರು ಪಂದ್ಯ ಆಡುವುದು ರೂಢಿ. ಈ ತಂಡದ ಜೊತೆ ಆಡುವಾಗ ಮಾತ್ರ ಗುರುವಾರವೇ ಶುರುಮಾಡಬೇಕು. ಅಂದರೆ ಎದುರಾಳಿ ತಂಡದ ವಿದ್ಯಾರ್ಥಿಗಳು ಒಂದು ದಿನ ಮುಂಚೆ ಪ್ರಯಾಣ ಹೊರಡಬೇಕು, ಒಂದು ದಿನದ ತರಗತಿ ಹೆಚ್ಚಿಗೆ ತಪ್ಪಿಸಿಕೊಳ್ಳಬೇಕು. ಎದುರಾಳಿಗಳ ಗೊಣಗಾಟ ಹುಟ್ಟುವುದು ಇಂಥ ಸಣ್ಣಪುಟ್ಟ ಅನನುಕೂಲಗಳಲ್ಲೇ.

ನಿಜವಾದ ಗಂಟು ಇರುವುದು ಮಾರ್ಚ್ ಟೂರ್ನಿಯಲ್ಲಿ. ಅದನ್ನು ಸ್ವಲ್ಪ ಬಿಡಿಸಿ ನೋಡಬೇಕು.

ಮೊದಲ ವಾರ 64 ತಂಡಗಳನ್ನು ಎಂಟು ನಗರಗಳಿಗೆ ಹಂಚುತ್ತಾರೆ. ನಾಲ್ಕು ನಗರಗಳಲ್ಲಿ ಗುರುವಾರ ಒಂದು ಸುತ್ತು, ಗೆದ್ದವರಿಗೆ ಶನಿವಾರ ಇನ್ನೊಂದು. ಉಳಿದ ನಾಲ್ಕರಲ್ಲಿ ಶುಕ್ರವಾರ ಒಂದು ಸುತ್ತು, ಭಾನುವಾರ ಇನ್ನೊಂದು. ಎರಡನೇ ವಾರ ಉಳಿದ 16 ತಂಡಗಳು ನಾಲ್ಕು ವಲಯಗಳಲ್ಲಿ ಆಡುತ್ತವೆ. ಅಲ್ಲೂ ಅಷ್ಟೇ, ಎರಡು ವಲಯ ಗುರುವಾರ–ಶನಿವಾರ, ಎರಡು ವಲಯ ಶುಕ್ರವಾರ–ಭಾನುವಾರ. ಕೊನೆಯ ವಾರ ಸೆಮಿಫೈನಲ್ ಶನಿವಾರ, ಫೈನಲ್ ಸೋಮವಾರ.

ಹೀಗಾಗಿ ಭಾನುವಾರ ಆಡದ ತಂಡಕ್ಕೆ ಮೊದಲ ವಾರವೂ ಅರ್ಧ ಬಾಗಿಲು ಮುಚ್ಚಿರುತ್ತದೆ, ಎರಡನೇ ವಾರವೂ ಅರ್ಧ. ಇದರ ಮೇಲೆ ಆಯ್ಕೆ ಸಮಿತಿ ಇನ್ನೂ ಕೆಲವು ಸೂತ್ರಗಳನ್ನು ಪಾಲಿಸಬೇಕು. ಒಂದೇ ಕಾನ್ಫರೆನ್ಸ್‌ನ ಬಲಿಷ್ಠ ತಂಡಗಳು ಒಂದೇ ವಲಯದಲ್ಲಿ ಬೀಳಬಾರದು, ಆರಂಭದಲ್ಲೇ ಮುಖಾಮುಖಿಯಾಗಬಾರದು. 2024ರಲ್ಲಿ ಬಿಗ್ 12ರಿಂದಲೇ ಎಂಟು ತಂಡಗಳು ಟೂರ್ನಿಗೆ ಬಂದಿದ್ದವು. ಕಾನ್ಫರೆನ್ಸ್ ಬಲವಾದಷ್ಟೂ ಭಾನುವಾರದ ಗಂಟು ಬಿಗಿಯಾಗುತ್ತದೆ.

## ಸಮಿತಿ ಎಡವಿದ ವರ್ಷ, ತಂಡ ಬೆಲೆ ತೆತ್ತ ವರ್ಷ

ಎನ್‌ಸಿಎಎ ಕಾನೂನುಪುಸ್ತಕದಲ್ಲಿ ಇದಕ್ಕೆ ಒಂದು ನಿಯಮವಿದೆ. ಯಾವುದೇ ಸಂಸ್ಥೆ ಧಾರ್ಮಿಕ ಕಾರಣಕ್ಕೆ ಇಂಥ ದಿನ ಆಡುವುದಿಲ್ಲ ಎಂದು ಲಿಖಿತ ನೀತಿ ಮಾಡಿಕೊಂಡಿದ್ದರೆ, ಚಾಂಪಿಯನ್‌ಷಿಪ್ ವೇಳಾಪಟ್ಟಿಯನ್ನು ಅದಕ್ಕೆ ಹೊಂದಿಸಬೇಕು. 1998ರಲ್ಲಿ ಈ ನಿಯಮವನ್ನು ಕಿತ್ತುಹಾಕಲು ಹೊರಟ ಎನ್‌ಸಿಎಎ, ವಿರೋಧ ಬಂದ ಮೇಲೆ ಅದೇ ವರ್ಷ ಮತ್ತೆ ಒಳಗೆ ತಂದಿತು.

ನಿಯಮ ಇದ್ದರೂ 2003ರಲ್ಲಿ ಸಮಿತಿ ಎಡವಿತು. ಬ್ರಿಗಮ್ ಯಂಗ್ ತಂಡವನ್ನು ದಕ್ಷಿಣ ವಲಯಕ್ಕೆ ಹಾಕಿದ ಮೇಲೆ, ಆ ವಲಯದ ಫೈನಲ್ ಭಾನುವಾರ ಎಂಬುದು ಬೆಳಕಿಗೆ ಬಂತು. ತಂಡ ಮೊದಲ ಎರಡು ಪಂದ್ಯ ಗೆದ್ದರೆ ಅದನ್ನು ಬೇರೆ ವಲಯಕ್ಕೆ ಅದಲುಬದಲು ಮಾಡುವುದಾಗಿ ಸಮಿತಿ ಹೇಳಬೇಕಾಯಿತು. ಟೂರ್ನಿಯ ನಡುವೆ ಎದುರಾಳಿಗಳೇ ಬದಲಾಗುವ ಪ್ರಸಂಗ. ಮೊದಲ ಸುತ್ತಿನಲ್ಲೇ ಕನೆಕ್ಟಿಕಟ್ ಎದುರು 58–53ರಿಂದ ಸೋತದ್ದರಿಂದ ಅದು ತಪ್ಪಿತು.

2024ರಲ್ಲಿ ಬೇರೆಯೇ ತಿರುವು. ಸಮಿತಿಯ ಲೆಕ್ಕದಲ್ಲಿ ಬ್ರಿಗಮ್ ಯಂಗ್‌ಗೆ ಐದನೇ ಶ್ರೇಯಾಂಕ ಸಿಗಬೇಕಿತ್ತು. ಗುರುವಾರ–ಶನಿವಾರದ ಜಾಗ ಹೊಂದದ ಕಾರಣ ಆರಕ್ಕೆ ಇಳಿಸಿದರು. ಐದರ ತಂಡಕ್ಕೆ ಮೊದಲ ಸುತ್ತಿನಲ್ಲಿ ಹನ್ನೆರಡನೇ ಶ್ರೇಯಾಂಕದವರು ಎದುರಾಳಿ, ಆರರ ತಂಡಕ್ಕೆ ಹನ್ನೊಂದರವರು. ಒಂದೇ ಮೆಟ್ಟಿಲು ಅನ್ನಿಸಬಹುದು, ಆದರೆ ಒಂದು ಸೋಲಿಗೆ ಆಟ ಮುಗಿಯುವ ಟೂರ್ನಿಯಲ್ಲಿ ಅದು ದೊಡ್ಡ ಮೆಟ್ಟಿಲೇ. ಹನ್ನೊಂದನೇ ಶ್ರೇಯಾಂಕದ ಡ್ಯುಕೇನ್ 71–67ರಿಂದ ಅವರನ್ನು ಮನೆಗೆ ಕಳಿಸಿತು. ಮರುವರ್ಷ ಅದೇ ಆರನೇ ಶ್ರೇಯಾಂಕದಿಂದ ಹೊರಟು ಕೊನೆಯ ಹದಿನಾರರ ಹಂತ ಮುಟ್ಟಿದರು ಎಂಬುದೂ ನಿಜ. ಆದರೂ 2024ರ ಲೆಕ್ಕ ಸ್ಪಷ್ಟ: ವಿನಾಯಿತಿ ಕೊಟ್ಟರು, ಅದರ ಬೆಲೆಯನ್ನು ಪಡೆದವರಿಂದಲೇ ವಸೂಲಿ ಮಾಡಿದರು.

## ಅಭಿಮಾನಿಗಳ ಜಗಳದ ಒಳಗೆ

ವಿರೋಧಿಸುವವರ ಮಾತಿನಲ್ಲಿ ಹುರುಳಿಲ್ಲ ಎನ್ನುವಂತಿಲ್ಲ. ಕಾನ್ಫರೆನ್ಸ್‌ಗೆ ತಾನಾಗಿ ಬಂದವರು ಕಾನ್ಫರೆನ್ಸ್‌ನ ಕ್ಯಾಲೆಂಡರ್‌ಗೆ ಒಗ್ಗಬೇಕು ಎಂಬುದು ಅವರ ಮೊದಲ ವಾದ. ಟಿವಿ ಹಣದ ಪಾಲು ಬೇಕು, ಟಿವಿ ಕೇಳುವ ದಿನ ಮಾತ್ರ ಬೇಡ ಅಂದರೆ ಹೇಗೆ? ವೇಕೊದ ಬೇಲರ್ ವಿಶ್ವವಿದ್ಯಾಲಯವೂ ಬ್ಯಾಪ್ಟಿಸ್ಟ್ ಎಂಬ ಕ್ರೈಸ್ತ ಪಂಗಡದ ಸಂಸ್ಥೆಯೇ, ಅದೇ ಕಾನ್ಫರೆನ್ಸ್‌ನಲ್ಲಿದೆ, ಭಾನುವಾರ ಆಡುತ್ತದೆ ಎಂದು ಅವರು ತೋರಿಸುತ್ತಾರೆ.

ಎರಡನೇ ವಾದ ಇನ್ನೂ ಚೂಪು. ಈ ವಿಶ್ವವಿದ್ಯಾಲಯ ತನ್ನ ವಿದ್ಯಾರ್ಥಿಗಳಿಂದ ಒಂದು ನಡತೆ ಸಂಹಿತೆಗೆ ಸಹಿ ಹಾಕಿಸಿಕೊಳ್ಳುತ್ತದೆ. ಮದ್ಯ ಮಾತ್ರವಲ್ಲ, ಕಾಫಿ, ಟೀ ಕೂಡ ಬೇಡ. ಮದುವೆಗೆ ಮುಂಚೆ ದೈಹಿಕ ಸಂಬಂಧ ಕೂಡದು. 2011ರಲ್ಲಿ ತಂಡ ದೇಶದಲ್ಲೇ ಮೂರನೇ ಸ್ಥಾನದಲ್ಲಿದ್ದಾಗ, ಟೂರ್ನಿಗೆ ಕೆಲವೇ ದಿನ ಮುಂಚೆ, ಸಂಹಿತೆ ಮುರಿದ ಕಾರಣಕ್ಕೆ ಮುಖ್ಯ ಆಟಗಾರನೊಬ್ಬನನ್ನು ತಂಡದಿಂದ ಹೊರಗಿಟ್ಟರು. ಸಲಿಂಗಿ ವಿದ್ಯಾರ್ಥಿಗಳ ಕುರಿತ ನಿಲುವಿನಿಂದಾಗಿ, 2016ರಲ್ಲಿ ಬಿಗ್ 12 ವಿಸ್ತರಣೆಯ ಮಾತು ಬಂದಾಗಲೇ ಈ ವಿಶ್ವವಿದ್ಯಾಲಯವನ್ನು ಸೇರಿಸಬೇಡಿ ಎಂದು ಸಲಿಂಗಿ ಹಕ್ಕುಗಳ ಗುಂಪುಗಳು ಒತ್ತಾಯಿಸಿದ್ದವು. ತಮ್ಮವರ ಬದುಕಿಗೆ ಜಾಗ ಕೊಡದ ಸಂಸ್ಥೆ ತನ್ನ ಭಾನುವಾರಕ್ಕೆ ಜಾಗ ಕೇಳುತ್ತದೆ ಎಂಬುದು ಅವರ ನೋವು. ಇದು ಗಂಭೀರ ಆಕ್ಷೇಪ, ಇದಕ್ಕೆ ಉತ್ತರ ಕೊಡಬೇಕಾದದ್ದು ಆ ಸಂಸ್ಥೆಯೇ. ಆದರೆ ಸಂಸ್ಥೆಯ ನೀತಿಯ ಮೇಲಿನ ಸಿಟ್ಟನ್ನು ಇಪ್ಪತ್ತೊಂದು ವರ್ಷದ ಹುಡುಗನ ಧರ್ಮದ ಮೇಲೆ ಕಾರಿದರೆ ಅದು ಟೀಕೆಯಾಗಿ ಉಳಿಯುವುದಿಲ್ಲ.

ಮೂರನೆಯದು ವಯಸ್ಸಿನ ಗೊಣಗಾಟ. ಈ ಚರ್ಚಿನ ಯುವಕರು ಓದಿನ ನಡುವೆ ಎರಡು ವರ್ಷ ಧರ್ಮಪ್ರಚಾರ ಸೇವೆಗೆ ಹೋಗುತ್ತಾರೆ. ಟೂಸಾನ್‌ನಲ್ಲಿ ಗೆಲುವಿನ ಫ್ರೀ ಥ್ರೋ ಹಾಕಿದ ಸಾಂಡರ್ಸ್ ಮಡಗಾಸ್ಕರ್‌ಗೆ ಹೋಗಿ ಬಂದವರು. ಆ ಎರಡು ವರ್ಷ ಆಟದ ಅವಧಿಯಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಆದ್ದರಿಂದ ತಂಡದಲ್ಲಿ ದೊಡ್ಡ ವಯಸ್ಸಿನವರು ಹೆಚ್ಚು ಎಂಬುದು ದೂರು. ಕೋವಿಡ್ ನಂತರ ಎಲ್ಲ ತಂಡಗಳಲ್ಲೂ ವಯಸ್ಸು ಏರಿದ್ದರಿಂದ ಈ ದೂರಿಗೆ ಈಗ ಅಷ್ಟು ಬಲವಿಲ್ಲ.

ಬೆಂಬಲಿಸುವವರು ಹೇಳುವುದು ಸರಳ: ಗೆಲುವಿಗಾಗಿ ಬಿಟ್ಟುಕೊಡುವ ನಂಬಿಕೆ ನಂಬಿಕೆಯಲ್ಲ, ಮತ್ತು ಬಹುಧರ್ಮಗಳ ದೇಶದಲ್ಲಿ ಒಂದು ದಿನ ಆಚೀಚೆ ಸರಿಸುವುದು ಅಂಥ ದೊಡ್ಡ ತ್ಯಾಗವೂ ಅಲ್ಲ.

## ಕ್ಯಾಲೆಂಡರ್ ಯಾರ ಪರ?

ಈ ವಾದಗಳಲ್ಲೆಲ್ಲ ಯಾರೂ ಪ್ರಶ್ನಿಸದೆ ಒಪ್ಪಿಕೊಂಡ ಒಂದು ಸಂಗತಿ ಇದೆ. ವೇಳಾಪಟ್ಟಿ ತಾನಾಗಿ ಯಾವ ಧರ್ಮದ ಪರವೂ ಇಲ್ಲ, ಯಾರೋ ಕೆಲವರು ಅದನ್ನು ತಮ್ಮ ಕಡೆಗೆ ಎಳೆಯುತ್ತಿದ್ದಾರೆ ಎಂಬ ಭಾವನೆ ಅದು. ಇದು ನಿಜವಲ್ಲ. ಕ್ರಿಸ್‌ಮಸ್ ಹೊತ್ತಿಗೆ ಕಾಲೇಜು ಪಂದ್ಯಗಳು ಬಹುತೇಕ ನಿಂತೇ ಹೋಗುತ್ತವೆ, ಅದನ್ನು ಯಾರೂ ವಿನಾಯಿತಿ ಎನ್ನುವುದಿಲ್ಲ. ಬಹುಸಂಖ್ಯಾತರ ಆಚರಣೆ ರಜೆಯ ರೂಪದಲ್ಲಿ ಮೊದಲೇ ಕ್ಯಾಲೆಂಡರಿನೊಳಗೆ ಕೂತಿರುತ್ತದೆ. ಅಲ್ಪಸಂಖ್ಯಾತರದು ಮಾತ್ರ ಅರ್ಜಿಯ ರೂಪದಲ್ಲಿ ಬರಬೇಕು.

2012ರಲ್ಲಿ ಟೆಕ್ಸಾಸ್‌ನ ಶಾಲಾ ಟೂರ್ನಿಯಲ್ಲಿ ಇದು ಎಲ್ಲರ ಕಣ್ಣಿಗೂ ಬಿತ್ತು. ಹ್ಯೂಸ್ಟನ್‌ನ ಬೆರೆನ್ ಅಕಾಡೆಮಿ ಎಂಬ ಯಹೂದಿ ಶಾಲೆಯ ತಂಡ ಸೆಮಿಫೈನಲ್ ತಲುಪಿತು. ಪಂದ್ಯ ಶುಕ್ರವಾರ ರಾತ್ರಿ. ಶುಕ್ರವಾರ ಸೂರ್ಯ ಮುಳುಗಿದರೆ ಯಹೂದಿಗಳ ಸಬ್ಬತ್ ಶುರು. ಶನಿವಾರ ಕತ್ತಲಾಗುವವರೆಗೆ ಆಟವಿಲ್ಲ. ಬಹುಪಾಲು ಕ್ರೈಸ್ತ ಶಾಲೆಗಳೇ ಇದ್ದ ಆ ಸಂಘದಲ್ಲಿ ಭಾನುವಾರ ಪಂದ್ಯ ಇಡುವ ಮಾತೇ ಇರಲಿಲ್ಲ, ಆದರೆ ಶುಕ್ರವಾರ ರಾತ್ರಿಯ ಪಂದ್ಯ ಸರಿಸಲು ಸಂಘ ಮೊದಲು ಒಪ್ಪಲಿಲ್ಲ. ಪಾಲಕರು ನ್ಯಾಯಾಲಯದ ಮೆಟ್ಟಿಲು ಹತ್ತಿದ ಮೇಲೆ ಪಂದ್ಯ ಅದೇ ಶುಕ್ರವಾರ ಮಧ್ಯಾಹ್ನ ಎರಡಕ್ಕೆ ಬಂತು. ಬೆರೆನ್ ಗೆದ್ದಿತು. ಸಬ್ಬತ್ ಮುಗಿದ ಮೇಲೆ ಶನಿವಾರ ರಾತ್ರಿ ನಡೆದ ಫೈನಲ್‌ನಲ್ಲಿ 46–42ರಿಂದ ಸೋತಿತು. ಕೆಲವು ಗಂಟೆ ಹಿಂದೆ ಮುಂದೆ ಮಾಡಿದ್ದರಿಂದ ಯಾರಿಗೂ ನಷ್ಟವಾಗಲಿಲ್ಲ.

2020ರ ಮಾರ್ಚ್‌ನಲ್ಲಿ ನ್ಯೂಯಾರ್ಕ್‌ನ ಯೆಶಿವಾ ವಿಶ್ವವಿದ್ಯಾಲಯದ ವಿಷಯದಲ್ಲಿ ಈ ಮಟ್ಟದ ಜಗಳವೇ ಆಗಲಿಲ್ಲ. ಎನ್‌ಸಿಎಎ ಮೂರನೇ ವಿಭಾಗದ ಟೂರ್ನಿಯಲ್ಲಿ ಅದರ ಮೊದಲ ಪಂದ್ಯ ಶುಕ್ರವಾರ ಸಂಜೆಗೆ ಮುಂಚೆ, ಎರಡನೆಯದು ಶನಿವಾರ ರಾತ್ರಿ. ಎರಡನ್ನೂ ಗೆದ್ದರು, ಆಮೇಲೆ ಕೋವಿಡ್ ಬಂದು ಟೂರ್ನಿಯೇ ರದ್ದಾಯಿತು.

## ಹ್ಯೂಸ್ಟನ್‌ನಲ್ಲಿ ಮುಳುಗಿದ ಸೂರ್ಯ

ಇಲ್ಲಿಯವರೆಗೆ ಹೇಳಿದ್ದೆಲ್ಲ ಸಂಸ್ಥೆಗಳ ಕಥೆ. ಚರ್ಚಿನ ವಿಶ್ವವಿದ್ಯಾಲಯ, ಯಹೂದಿ ಶಾಲೆ, ಯಹೂದಿ ವಿಶ್ವವಿದ್ಯಾಲಯ. ತಂಡವೇ ಒಂದು ಧರ್ಮವನ್ನು ಪಾಲಿಸಿದಾಗ ನಿಯಮ ಅದನ್ನು ಕಾಯುತ್ತದೆ. ತಂಡದಲ್ಲಿ ಒಬ್ಬನೋ ಇಬ್ಬರೋ ಮಾತ್ರ ಪಾಲಿಸಿದರೆ?

2023ರಲ್ಲಿ ರಂಜಾನ್ ಶುರುವಾದದ್ದು ಮಾರ್ಚ್ 23ರ ಸುಮಾರಿಗೆ, ಸರಿಯಾಗಿ ಟೂರ್ನಿಯ ಎರಡನೇ ವಾರ. ಕನೆಕ್ಟಿಕಟ್ ತಂಡದ ಸೆಂಟರ್ ಅದಾಮ ಸನೋಗೊ ಮಾಲಿ ದೇಶದವರು, ಮುಸ್ಲಿಂ, ಉಪವಾಸ ಹಿಡಿದಿದ್ದರು. ಬೆಳಗಿನ ಜಾವ ಸಹರಿ ಉಂಡರೆ, ಸೂರ್ಯ ಮುಳುಗುವವರೆಗೆ ಅನ್ನವೂ ಇಲ್ಲ, ಗುಟುಕು ನೀರೂ ಇಲ್ಲ. ಬ್ಯಾಸ್ಕೆಟ್‌ಬಾಲ್‌ನಲ್ಲಿ ಸೆಂಟರ್ ಸ್ಥಾನ ಎಂದರೆ ಬುಟ್ಟಿಯ ಕೆಳಗೆ ಎದುರಾಳಿಯ ಭಾರವನ್ನು ಮೈಮೇಲೆ ಹೊತ್ತು ನಿಲ್ಲುವ ಕೆಲಸ. ಹಸಿವೆಗಿಂತ ನೀರಿಲ್ಲದಿರುವುದೇ ಅಲ್ಲಿ ಹೆಚ್ಚು ಕಾಡುವುದು. ಬೆವರು ಸುರಿದಷ್ಟೂ ಸ್ನಾಯು ಹಿಡಿದುಕೊಳ್ಳುವ ಅಪಾಯ.

ಮಾರ್ಚ್ 25ರಂದು ಲಾಸ್ ವೇಗಾಸ್‌ನಲ್ಲಿ ಗೊನ್ಜಾಗಾ ವಿರುದ್ಧದ ಪಂದ್ಯ ಶುರುವಾದದ್ದು ಅಲ್ಲಿನ ಸಮಯ ಆರಕ್ಕೆ ಸ್ವಲ್ಪ ಮುಂಚೆ. ಅಲ್ಲಿ ಆ ದಿನ ಸೂರ್ಯ ಮುಳುಗುವುದು ಏಳರ ಹೊತ್ತಿಗೆ. ಅಂದರೆ ಆಟದ ಮೊದಲರ್ಧವನ್ನು ದಿನವಿಡೀ ನೀರು ಮುಟ್ಟದ ಮೈಯಲ್ಲೇ ಆಡಿ ಮುಗಿಸಬೇಕು. ಕನೆಕ್ಟಿಕಟ್ 82–54ರಿಂದ ಗೆದ್ದಿತು. ಹ್ಯೂಸ್ಟನ್‌ನಲ್ಲಿ ಏಪ್ರಿಲ್ 1ರ ಸೆಮಿಫೈನಲ್‌ನಲ್ಲಿ ಸನೋಗೊ 21 ಅಂಕ ಗಳಿಸಿದರು. ಏಪ್ರಿಲ್ 3ರ ಫೈನಲ್‌ನಲ್ಲಿ 17 ಅಂಕ, 10 ರಿಬೌಂಡ್. ತಂಡ ರಾಷ್ಟ್ರೀಯ ಚಾಂಪಿಯನ್, ಸನೋಗೊ ಅಂತಿಮ ಹಂತದ ಅತ್ಯುತ್ತಮ ಆಟಗಾರ.

ಎಲ್ಲೆಡೆ ಹೊಗಳಿಕೆ ಹರಿಯಿತು, ಅದಕ್ಕೆ ಅವರು ಅರ್ಹರೇ. ಆದರೆ ಗಡಿಯಾರವನ್ನು ಒಮ್ಮೆ ನೋಡಬೇಕು. ಆ ವಾರ ಹ್ಯೂಸ್ಟನ್‌ನಲ್ಲಿ ಸೂರ್ಯ ಮುಳುಗುತ್ತಿದ್ದದ್ದು ಸಂಜೆ 7.40ರ ಸುಮಾರಿಗೆ. ಸೆಮಿಫೈನಲ್ ಶುರುವಾದದ್ದು ಎಂಟಕ್ಕೆ ಸ್ವಲ್ಪ ಮುಂಚೆ, ಫೈನಲ್ ಎಂಟು ಗಂಟೆ ಇಪ್ಪತ್ತರ ಹೊತ್ತಿಗೆ. ಉಪವಾಸ ಬಿಟ್ಟು, ನೀರು ಕುಡಿದು ಅಂಗಳಕ್ಕೆ ಇಳಿಯಲು ಎರಡೂ ದಿನ ಅವಕಾಶ ಸಿಕ್ಕಿತು. ಈ ಸಮಯ ಗೊತ್ತುಮಾಡಿದ್ದು ಯಾರ ಉಪವಾಸವನ್ನೂ ನೋಡಿ ಅಲ್ಲ. ಪೂರ್ವ ಕರಾವಳಿಯ ವೀಕ್ಷಕರು ರಾತ್ರಿ ಒಂಬತ್ತರ ಹೊತ್ತಿಗೆ ಟಿವಿ ಮುಂದೆ ಕೂರುತ್ತಾರೆಂಬ ಲೆಕ್ಕದಿಂದ. ಮೊದಲ ವಾರದ ಪಂದ್ಯಗಳು ಮಧ್ಯಾಹ್ನದಿಂದಲೇ ಶುರುವಾಗುತ್ತವೆ. ಅಂಥ ಹೊತ್ತಿನ ಪಂದ್ಯ ಬಿದ್ದಿದ್ದರೆ ಇಡೀ 40 ನಿಮಿಷವನ್ನು ಒಣ ಗಂಟಲಲ್ಲೇ ಆಡಬೇಕಿತ್ತು, ಸರಿಸಿ ಎಂದು ಕೇಳಲು ಕಾನೂನುಪುಸ್ತಕದಲ್ಲಿ ಒಂದು ಸಾಲೂ ಇರಲಿಲ್ಲ.

2024ರಲ್ಲೂ ಕನೆಕ್ಟಿಕಟ್ ಚಾಂಪಿಯನ್ ಆಯಿತು, ಆಗಲೂ ತಂಡದಲ್ಲಿ ಉಪವಾಸವಿದ್ದ ಆಟಗಾರರಿದ್ದರು. 1995ರ ಫೆಬ್ರವರಿಯಲ್ಲಿ ಹಕೀಮ್ ಒಲಾಜುವನ್ ರಂಜಾನ್ ಉಪವಾಸವಿದ್ದುಕೊಂಡೇ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯ ತಿಂಗಳ ಆಟಗಾರ ಪ್ರಶಸ್ತಿ ಪಡೆದದ್ದನ್ನು ಅಭಿಮಾನಿಗಳು ಇಂದಿಗೂ ನೆನೆಯುತ್ತಾರೆ. ಈ ಸಾಧನೆಗಳೇ ಒಂದು ತೊಡಕನ್ನೂ ತಂದಿವೆ. ಅವರು ಉಪವಾಸವಿದ್ದೂ ಗೆದ್ದರಲ್ಲ, ಹಾಗಾದರೆ ಏನೂ ಬದಲಾಯಿಸಬೇಕಿಲ್ಲ ಎನ್ನುವವರಿಗೆ ಇದೇ ಸಾಕ್ಷಿಯಾಗುತ್ತದೆ. ಅಸಾಧಾರಣ ಆಟಗಾರರು ಹೊತ್ತ ಭಾರವನ್ನು ಬೆಂಚಿನಲ್ಲಿ ಕೂತ, ಹೆಸರು ಕೇಳದ ಹುಡುಗನೂ ಹೊರಬೇಕು ಎಂದಂತಾಗುತ್ತದೆ.

## ನಿಯಮ ವ್ಯಕ್ತಿಯನ್ನು ಏಕೆ ಕಾಣುವುದಿಲ್ಲ

ಕಾರಣ ನಿಯಮದ ಹುಟ್ಟಿನಲ್ಲೇ ಇದೆ. ಎನ್‌ಸಿಎಎ ಸದಸ್ಯರು ಸಂಸ್ಥೆಗಳು, ಆಟಗಾರರಲ್ಲ. ಮತ ಹಾಕುವುದು, ಒತ್ತಡ ತರುವುದು, ವಕೀಲರನ್ನು ಇಡುವುದು ವಿಶ್ವವಿದ್ಯಾಲಯಗಳ ಕೈಲಾಗುವ ಕೆಲಸ. 1998ರಲ್ಲಿ ಹೋದ ನಿಯಮ ಮರಳಿ ಬಂದದ್ದೂ ಹಾಗೆಯೇ. ನಾಲ್ಕು ವರ್ಷ ಆಡಿ ಹೊರಟುಹೋಗುವ ವಿದ್ಯಾರ್ಥಿಗೆ ಆ ಶಕ್ತಿ ಇಲ್ಲ.

ಸಂವಿಧಾನದ ಮೊರೆ ಹೋಗೋಣವೆಂದರೆ ಅಲ್ಲೂ ಗೋಡೆ. ಎನ್‌ಸಿಎಎ ಸರ್ಕಾರದ ಅಂಗವಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1988ರ ಟಾರ್ಕೇನಿಯನ್ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. ಧಾರ್ಮಿಕ ಸ್ವಾತಂತ್ರ್ಯದ ಸಾಂವಿಧಾನಿಕ ಖಾತರಿ ಸರ್ಕಾರದ ಎದುರು ಕೆಲಸ ಮಾಡುತ್ತದೆ, ಖಾಸಗಿ ಸಂಘದ ಎದುರು ಅಲ್ಲ. ಟೂಸಾನ್‌ನ ಕೂಗಿನ ವಿಷಯದಲ್ಲಿ ಇದೇ ತತ್ವ ಮಗ್ಗುಲು ಬದಲಿಸುತ್ತದೆ. ಅರಿಜೋನಾ, ಕೊಲರಾಡೊ ಸರ್ಕಾರಿ ವಿಶ್ವವಿದ್ಯಾಲಯಗಳು. ವಿದ್ಯಾರ್ಥಿಯ ಮಾತು ಎಷ್ಟೇ ಹೀನವಾಗಿದ್ದರೂ ಅದಕ್ಕೆ ಶಿಕ್ಷೆ ಕೊಡಹೋದರೆ ವಾಕ್‌ಸ್ವಾತಂತ್ರ್ಯದ ಪ್ರಶ್ನೆ ಎದುರಾಗುತ್ತದೆ. ಕಾನ್ಫರೆನ್ಸ್ ಖಾಸಗಿ ಒಕ್ಕೂಟವಾದ್ದರಿಂದ ಸದಸ್ಯ ಸಂಸ್ಥೆಗೆ ದಂಡ ಹಾಕಬಲ್ಲದು. ಕೂಗಿದವರು ವಿದ್ಯಾರ್ಥಿಗಳಾದರೂ ದಂಡ ವಿಶ್ವವಿದ್ಯಾಲಯದ ಮೇಲೆ ಬಿದ್ದದ್ದು ಇದರಿಂದಲೇ.

ವ್ಯಕ್ತಿಯ ಆಚರಣೆ ಹಿಂದೆ ಬೀಳುವುದು ಅಮೆರಿಕದಲ್ಲಿ ಮಾತ್ರ ಅಲ್ಲ. 2014ರಲ್ಲಿ ಚೀನಾದ ವುಹಾನ್‌ನಲ್ಲಿ ನಡೆದ ಏಷ್ಯಾ ಕಪ್‌ನಲ್ಲಿ ಭಾರತದ ಅಮೃತಪಾಲ್ ಸಿಂಗ್ ಮತ್ತು ಅಮ್‌ಜ್ಯೋತ್ ಸಿಂಗ್ ಪೇಟ ತೆಗೆದೇ ಆಡಬೇಕೆಂದು ಅಧಿಕಾರಿಗಳು ಪಟ್ಟು ಹಿಡಿದರು. ಅದೇ ಅಂತರರಾಷ್ಟ್ರೀಯ ನಿಯಮ ಹಿಜಾಬ್ ತೊಟ್ಟವರನ್ನೂ ಹೊರಗಿಟ್ಟಿತ್ತು. ಮೆಂಫಿಸ್ ಮತ್ತು ಇಂಡಿಯಾನಾ ಸ್ಟೇಟ್ ವಿಶ್ವವಿದ್ಯಾಲಯಗಳಿಗೆ ಹಿಜಾಬ್‌ನಲ್ಲೇ ಆಡಿದ ಬಿಲ್ಕೀಸ್ ಅಬ್ದುಲ್-ಖಾದಿರ್ ವೃತ್ತಿಪರ ಆಟಕ್ಕೆ ಹೋಗಬೇಕೆಂದಾಗ ಬಾಗಿಲು ಮುಚ್ಚಿತ್ತು. ಅವರೂ ಸೇರಿ ಹಲವರು ಹೋರಾಡಿದ ಮೇಲೆ 2017ರಲ್ಲಿ ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟ ಫಿಬಾ ನಿಯಮ ಸಡಿಲಿಸಿತು. ಅಷ್ಟರಲ್ಲಿ ಅವರ ಆಟದ ಉತ್ತಮ ವರ್ಷಗಳು ಹೋಗಿದ್ದವು.

ಇನ್ನೊಂದು ಮುಖವನ್ನೂ ಮರೆಯಬಾರದು. ಬ್ರಿಗಮ್ ಯಂಗ್ ತಂಡದಲ್ಲಿ ಎಲ್ಲರೂ ಮಾರ್ಮನ್ನರಲ್ಲ. ಬೇರೆ ನಂಬಿಕೆಯವರೂ ಭಾನುವಾರ ಆಡುವಂತಿಲ್ಲ, ಸಂಹಿತೆಗೆ ಸಹಿ ಹಾಕಲೇಬೇಕು. ಸಂಸ್ಥೆಯ ಶ್ರದ್ಧೆಗೆ ಕೊಟ್ಟ ರಕ್ಷಣೆ ಆ ಸಂಸ್ಥೆಯೊಳಗಿನ ವ್ಯಕ್ತಿಯ ಶ್ರದ್ಧೆಗೆ ಕೊಟ್ಟ ರಕ್ಷಣೆಯಾಗುವುದಿಲ್ಲ.

## ಸಂಬಳ ಬಂದರೆ ಹಕ್ಕೂ ಬರಬಹುದು

ಈ ಚಿತ್ರವನ್ನು ಬದಲಾಯಿಸುವ ಶಕ್ತಿ ಇರುವುದು ಹಣದ ದಿಕ್ಕಿನಿಂದ ಬರುತ್ತಿರುವ ಕಾನೂನಿಗೆ. 2025ರ ಜೂನ್ 6ರಂದು ನ್ಯಾಯಾಲಯ ಒಪ್ಪಿದ, ಹೌಸ್ ಎಂಬ ಕ್ರೀಡಾಪಟುವಿನ ಹೆಸರಿನ ಮೊಕದ್ದಮೆಯ ರಾಜಿ ಒಪ್ಪಂದದ ಪ್ರಕಾರ ವಿಶ್ವವಿದ್ಯಾಲಯಗಳು ಆಟಗಾರರಿಗೆ ನೇರವಾಗಿ ಹಣ ಕೊಡಬಹುದು. ಮೊದಲ ವರ್ಷ ಒಂದು ಸಂಸ್ಥೆಗೆ ಸುಮಾರು 2.05 ಕೋಟಿ ಡಾಲರ್ ಮಿತಿ. ಹಣ ಕೊಡುವುದಾದರೆ ಅವರು ವಿದ್ಯಾರ್ಥಿಗಳೋ ನೌಕರರೋ? ಈ ಪ್ರಶ್ನೆಯನ್ನು ಒಪ್ಪಂದ ಮುಟ್ಟಲಿಲ್ಲ. 2024ರ ಮಾರ್ಚ್ 5ರಂದು ಡಾರ್ಟ್‌ಮತ್ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ಆಟಗಾರರು 13–2 ಮತಗಳಿಂದ ಕಾರ್ಮಿಕ ಸಂಘ ಕಟ್ಟಲು ನಿರ್ಧರಿಸಿದ್ದರು. ವರ್ಷದ ಕೊನೆಗೆ ಆ ಅರ್ಜಿ ಹಿಂದೆ ಪಡೆದರು, ಆದರೆ ಪ್ರಶ್ನೆ ಸತ್ತಿಲ್ಲ.

ನೌಕರ ಎಂದಾದರೆ ಧರ್ಮಾಚರಣೆಗೆ ಅನುಕೂಲ ಮಾಡಿಕೊಡುವ ಹೊಣೆ ಕಾನೂನಿನಂತೆ ಮಾಲೀಕನ ಮೇಲೆ ಬೀಳುತ್ತದೆ. 2023ರ ಜೂನ್ 29ರಂದು ಸುಪ್ರೀಂ ಕೋರ್ಟ್ ಗ್ರಾಫ್ ಪ್ರಕರಣದಲ್ಲಿ ಆ ಹೊಣೆಯನ್ನು ಇನ್ನಷ್ಟು ಬಿಗಿ ಮಾಡಿತು. ಭಾನುವಾರ ಕೆಲಸ ಮಾಡಲೊಲ್ಲದ ಅಂಚೆ ನೌಕರರೊಬ್ಬರ ಪ್ರಕರಣ ಅದು. ಅಲ್ಲಿಯವರೆಗೆ ಸ್ವಲ್ಪ ತೊಂದರೆಯಾದರೂ ಸಾಕು, ಮಾಲೀಕ ಕೈ ಚೆಲ್ಲಬಹುದಿತ್ತು. ಈಗ ತನ್ನ ವ್ಯವಹಾರಕ್ಕೆ ಗಣನೀಯ ಹೆಚ್ಚುವರಿ ವೆಚ್ಚ ಬೀಳುತ್ತದೆಂದು ತೋರಿಸಿಕೊಡಬೇಕು.

ಇದನ್ನು ಬ್ಯಾಸ್ಕೆಟ್‌ಬಾಲ್‌ಗೆ ಹೊಂದಿಸಿದರೆ ಎಲ್ಲ ಪಂದ್ಯಗಳೂ ಸರಿಯಲೇಬೇಕು ಎಂದಾಗದು. ಟಿವಿ ಒಪ್ಪಂದದ ಪಂದ್ಯ ಸರಿಸುವುದನ್ನು ಗಣನೀಯ ವೆಚ್ಚ ಎಂದೇ ನ್ಯಾಯಾಲಯ ಹೇಳಬಹುದು. ಆದರೆ ರಂಜಾನ್‌ನಲ್ಲಿ ಅಭ್ಯಾಸದ ಹೊತ್ತನ್ನು ಸಂಜೆಯ ಮೇಲೆ ಇಡುವುದು, ಸೂರ್ಯ ಮುಳುಗಿದ ಕ್ಷಣ ಆಟಗಾರನಿಗೆ ನೀರು ಕುಡಿಯಲು ಬಿಡುವು ಕೊಡುವುದು, ಸಬ್ಬತ್ ದಿನ ಹೊರಗುಳಿದವನ ಜಾಗ ಕಸಿಯದಿರುವುದು, ಇವಕ್ಕೆಲ್ಲ ವೆಚ್ಚವೇ ಇಲ್ಲವೆನ್ನುವಷ್ಟು ಕಡಿಮೆ. ಇವತ್ತು ಇವು ತರಬೇತುದಾರನ ಒಳ್ಳೆಯತನದ ಮೇಲೆ ನಿಂತಿವೆ. ಇವು ಹಕ್ಕಾಗಬೇಕು, ನ್ಯಾಯಾಲಯ ಹೇಳುವವರೆಗೆ ಎನ್‌ಸಿಎಎ ಕಾಯಬೇಕಿಲ್ಲ. ಸಂಸ್ಥೆಗಳಿಗೆ ಬರೆದಂಥ ನಿಯಮವನ್ನೇ ವ್ಯಕ್ತಿಗಳಿಗೂ, ಸಣ್ಣ ಪ್ರಮಾಣದಲ್ಲಾದರೂ, ಬರೆಯಬಹುದು.

## ಮುಂದಿನ ಋತುಗಳು

ರಂಜಾನ್ ಚಾಂದ್ರಮಾನದ ತಿಂಗಳಾದ್ದರಿಂದ ಪ್ರತಿವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. 2023ರಿಂದ ಮೂರು ವರ್ಷ ಅದು ಮಾರ್ಚ್ ಟೂರ್ನಿಯ ಮೇಲೆ ಬಿತ್ತು. 2026ರ ಲೆಕ್ಕ ಫೆಬ್ರವರಿ ಮಧ್ಯದಿಂದ ಟೂರ್ನಿಯ ಮೊದಲ ಸುತ್ತಿನವರೆಗೆ. 2027ರಲ್ಲಿ ಸುಮಾರು ಫೆಬ್ರವರಿ 8ರಿಂದ ಮಾರ್ಚ್ 9ರವರೆಗೆ, 2028ರಲ್ಲಿ ಜನವರಿ ಕೊನೆಯಿಂದ ಫೆಬ್ರವರಿ ಕೊನೆಯವರೆಗೆ. ಟೂರ್ನಿಯ ದೊಡ್ಡ ಬೆಳಕಿನಿಂದ ಉಪವಾಸ ಹೊರಬರುತ್ತಿದೆ, ಕಾನ್ಫರೆನ್ಸ್ ಪಂದ್ಯಗಳ ದಿನನಿತ್ಯದೊಳಗೆ ಹೋಗುತ್ತಿದೆ. ಅಲ್ಲಿ ವಾರಕ್ಕೆ ಎರಡು ಪಂದ್ಯ, ನಡುವೆ ವಿಮಾನ ಪ್ರಯಾಣ, ಶನಿವಾರ ಮಧ್ಯಾಹ್ನದ ಆಟಗಳು, ಜೊತೆಗೆ ತರಗತಿ. ಮೂರು ವಾರದ ಟೂರ್ನಿಯಲ್ಲಿ ಹಲ್ಲು ಕಚ್ಚಿ ನಡೆಸಿದ್ದನ್ನು ಇಲ್ಲಿ ಹಾಗೆ ನಡೆಸಲಾಗದು. ರಾಷ್ಟ್ರೀಯ ಟೂರ್ನಿಗೆ ಸಮಿತಿ ಇದೆ, ನಿಯಮ ಇದೆ. ಕಾನ್ಫರೆನ್ಸ್ ಪಂದ್ಯದ ಹೊತ್ತನ್ನು ತೀರ್ಮಾನಿಸುವುದು ಕಾನ್ಫರೆನ್ಸ್ ಕಚೇರಿ ಮತ್ತು ಟಿವಿ ವಾಹಿನಿಗಳು. 2027ರ ಫೆಬ್ರವರಿಯ ಶನಿವಾರಗಳಲ್ಲಿ ಯಾವ ತಂಡಕ್ಕೆ ಮಧ್ಯಾಹ್ನದ ಆಟ, ಯಾವುದಕ್ಕೆ ರಾತ್ರಿಯದು ಎಂಬ ಪಟ್ಟಿ ಋತು ಶುರುವಾಗುವ ಹೊತ್ತಿಗೆ ಹೊರಬರುತ್ತದೆ. ಉಪವಾಸದ ದಿನಗಳು ಅದಕ್ಕೆ ಎಷ್ಟೋ ಮುಂಚೆಯೇ ಎಲ್ಲರಿಗೂ ಗೊತ್ತಿರುತ್ತವೆ.